ಕೆಮ್ಮಣ್ಣಿನ ಅಂಗಾಲು

ಮೊನ್ನೆ ಕಮಲಾಪುರದಲ್ಲಿ ಬಸ್ಸಿಳಿದಾಗ ಯಾರೋ ಗೋಡೆಗೆಂದು ಕೆಮ್ಮಣ್ಣು ಕಲಸುತ್ತಿದ್ದರು. ಆ ಹಸಿ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನಾನು ಹೋದದ್ದು ಅಕ್ಕನ ಮಣ್ಣಿಗೆ...

ಓಣಿಗೆಲ್ಲ ಅಕ್ಕನಾಗಿದ್ದ ಅವಳದು ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಪಕ್ಕದ ಮನೆ. ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಳು. ಹುಟ್ಟೂರಾದ ಕಮಲಾಪುರದಿಂದ ಮಣ್ಣು ತರಿಸಿ ಎತ್ತು, ಗುಬ್ಬಿ ಮಾಡಿ ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು. ಜೊತೆಗಿದ್ದವನು ಆಟೊ ಓಡಿಸುವ ತಮ್ಮನೊಬ್ಬನೇ. ಯಾವುದೋ ಕಳ್ಳತನದ ವಿಚಾರಣೆಗೆಂದು ಪೊಲೀಸರು ಅವನನ್ನು ಕರೆದೊಯ್ದರು. ಮರುದಿನ ಹೆಣ ಕೊಟ್ಟರು. ಮೆಟ್ಟಿಲಿನಿಂದ ಬಿದ್ದ ಎಂದರು.

ಮೈ ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ಅವನ ಅಂಗಾಲುಗಳು ಬಾತು, ಕಪ್ಪಾಗಿ, ಸೀಳಿಹೋಗಿದ್ದವು. ಅಕ್ಕ ಅವನ್ನು ಹಿಡಿದುಕೊಂಡು ಕೂತುಬಿಟ್ಟಳು.

"ಮೆಟ್ಲಿಂದ ಬಿದ್ರ ಅಂಗಾಲಿಗಿ ಹಿಂಗ ಆಗ್ತದೇನ್ರಿ?"

ನಾನು ಇನ್ನೊಂದು ಚೊಂಬು ನೀರು ಹಾಕಿದೆ.

ಅಕ್ಕ ಮೇಲಧಿಕಾರಿಗಳಿಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆಗ ಅವಳು ಆಳೆತ್ತರದ ಎರಡು ಪಾದ ಮಾಡಿದಳು. ಬರೀ ಪಾದ, ನಿಜವಾದ ಲಾಠಿಗೆ ಬಿಗಿದವು, ಅಂಗಾಲು ನೋಡುವವರ ಕಡೆಗೆ. ಊರಿನ ಕಲಾ ಪ್ರದರ್ಶನದಲ್ಲಿ ಅದನ್ನಿಟ್ಟಾಗ ನಗುತ್ತ ಬಂದವರೂ ಅದರ ಮುಂದೆ ನಿಂತು ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಸುದ್ದಿ ತಿಳಿದು ಪೊಲೀಸ್ ಸಾಹೇಬರೊಬ್ಬರು ಬಂದರು.

"ಯಾರ ಕಾಲು ಇವು?"

"ನೀವೇ ಹೇಳ್ರಿ ಸಾಹೇಬ್ರ. ನನಗಿಂತ ನಿಮಗ ಛಲೋ ಗೊತ್ತದ."

ಪರ್ಮಿಷನ್ ಇಲ್ಲವೆಂದು ಮೂರ್ತಿಯನ್ನು ವ್ಯಾನಿಗೆ ಹಾಕಿದರು. ಸುಡದ ಮಣ್ಣು, ಎತ್ತುವಾಗಲೇ ಹಿಮ್ಮಡಿ ಬಿರಿಯಿತು. ಠಾಣೆಯ ಅಂಗಳದಲ್ಲಿ, ಜಪ್ತಿ ಮಾಡಿದ ಬೈಕುಗಳ ನಡುವೆ ಅದನ್ನು ಬಯಲಿಗಿಟ್ಟರು.

ಅಕ್ಕ ದಿನಾ ಠಾಣೆಗೆ ಹೋಗುತ್ತಿದ್ದಳು. "ನಮ್ ತಮ್ಮನ ಕಾಲ ಕೊಡ್ರಿ" ಎನ್ನುತ್ತಿದ್ದಳು. ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ತಿರುಗಿಯೂ ನೋಡಲಿಲ್ಲ. ಶಾಲೆಯವರು ಕೆಲಸ ಬಿಡಿಸಿದರು. ಮುಂಗಾರಿನ ಮೊದಲ ಹನಿ ಬಿದ್ದಾಗ ನಾನೂ ಅವಳ ಹಿಂದೆ ಓಡಿದೆ. ಗೇಟು ಹಿಡಿದು ಕೂಗುತ್ತಿದ್ದಳು: "ಮಳಿ ಬರಾಕತ್ತದ್ರೀ... ಒಳಗರ ಇಡ್ರೀ..." ಯಾರೂ ಬರಲಿಲ್ಲ. ನಮ್ಮ ಕಣ್ಣೆದುರೇ ಬೆರಳುಗಳು ಕರಗಿದವು, ಅಂಗಾಲು ಕುಸಿಯಿತು, ಕೆಂಪು ನೀರು ಚರಂಡಿಗೆ ಹರಿಯಿತು. ಲಾಠಿಯೊಂದು ಉಳಿಯಿತು.

ಅಕ್ಕ ಮತ್ತೆ ಮಣ್ಣು ಮುಟ್ಟಲಿಲ್ಲ. ಹುಟ್ಟೂರಿಗೆ ಹೋದವಳು, ತಮ್ಮನ ಸಾವಿನ ಬಗ್ಗೆ ಹೂಡಿದ ಕೇಸಿನ ತಾರೀಖಿಗೆ ಮಾತ್ರ ಕಲಬುರಗಿಯ ಕೋರ್ಟಿಗೆ ಬರುತ್ತಿದ್ದಳು...

ಮೊನ್ನೆ ಎಲ್ಲ ಮುಗಿದ ಮೇಲೆ ಅವಳ ಸಂಬಂಧಿಕರೊಬ್ಬರಿಗೆ ಕೇಸು ಏನಾಯಿತೆಂದು ಕೇಳಿದೆ.

"ಅಕಿನೇ ಹ್ವಾದಳು. ಇನ್ಯಾರು ತಿರಗ್ಯಾಡ್ಬೇಕ್ರಿ?"

ಸಂಜೆ ಕಲಬುರಗಿಯಲ್ಲಿ ಬಸ್ಸಿಳಿದು ಮನೆಗೆ ಹೊರಟಾಗ ಆಟೊ ಆ ಠಾಣೆಯ ಮುಂದೆಯೇ ಹಾಯಿತು. ಅಂಗಳಕ್ಕೆಲ್ಲ ಹೊಸ ಫರಶಿ ಕಲ್ಲು ಹಾಸಿದ್ದರು.