ಟೈಲರ್ ಅಕ್ಕನ ಇಪ್ಪತ್ತೆರಡು ಪೆಟ್ಟಿಗೆಗಳು

ಬೆಳಕು ಹರಿಯುವ ಹೊತ್ತು. ಮಹಡಿಯ ಮೇಲೆ ಟೈಲರ್ ಅಕ್ಕ ಒಂದೊಂದೇ ಜೇನುಪೆಟ್ಟಿಗೆಗೆ ಕಿವಿಗೊಡುತ್ತಾ ಬರುತ್ತಿದ್ದಾರೆ. ಒಳಗಿನ ಗುಂಯ್ ಸದ್ದು ಹದವಾಗಿದ್ದರೆ ಮುಂದಿನದಕ್ಕೆ ನಡೆ. ಕೊಂಚ ಏರುಪೇರಾದರೂ ಹುಬ್ಬು ಗಂಟಿಕ್ಕುತ್ತದೆ. ಬಿಸಿಲು ತಾಕಿದ ಮೇಲೆ ಅಂಥ ಪೆಟ್ಟಿಗೆಯ ಮುಚ್ಚಳ ಸರಿಸಿ, ನಾಲ್ಕು ಸಲ ಹೊಗೆಯೂದಿ, ಜೇನುನೊಣ ಮುತ್ತಿದ ಎರಿಯನ್ನು ಮೆಲ್ಲಗೆ ಎತ್ತುತ್ತಾರೆ. ಕೈಗೆ ಗವಸಿಲ್ಲ.

“ಗವಸು ಹಾಕಿದ್ರೆ ಬೆರಳಡಿ ನೊಣ ಸಿಕ್ಕಿದ್ದೇ ಗೊತ್ತಾಗಲ್ಲ. ಹೊಲಿಗೆ ಸೂಜಿ ಚುಚ್ಚಿಸ್ಕೊಂಡ ಕೈ ಇದು. ಇವು ಚುಚ್ಚಿದ್ರೆ ಏನು ಮಹಾ!” ಎಂದು ನಗುತ್ತಾರೆ.

ಬಟ್ಟೆ ಹೊಲಿಯುವುದನ್ನು ಬಿಟ್ಟು ಒಂಬತ್ತು ವರ್ಷವಾದರೂ ಬೀದಿಗೆ ಇವರು ಟೈಲರ್ ಅಕ್ಕನೇ. ಹೊಲಿಯುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಹೋದರೆ ಮೇಲಿನ ಸಂದಿಯಲ್ಲಿ ಜೇನು ಕೂತಿತ್ತು. ಅಕ್ಕಪಕ್ಕದ ಅಂಗಡಿಯವರು ಪಂಜು ಹೊತ್ತಿಸಿಕೊಂಡೇ ಬಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. “ಬಾಡಿಗೆ ಕಟ್ಟೋಳು ನಾನು. ಯಾರು ಇರ್ಬೇಕು, ಯಾರು ಹೋಗ್ಬೇಕು ಅಂತ ನಾನು ಹೇಳ್ತೀನಿ ಅಂದೆ.” ಕೊನೆಗೆ ಬೀದಿಯ ಮುದುಕ ಬಡಗಿಯೊಬ್ಬ ಪೆಟ್ಟಿಗೆ ಮಾಡಿಕೊಟ್ಟ. ಹಿಂಡನ್ನು ಅದಕ್ಕೆ ಇಳಿಸುವುದನ್ನೂ ಅವನೇ ಕಲಿಸಿದ.

ಪೆಟ್ಟಿಗೆ ಮನೆಯ ಮಹಡಿ ಸೇರಿದ್ದು ಅತ್ತೆಗೆ ಬಿಲ್‌ಕುಲ್ ಹಿಡಿಸಲಿಲ್ಲ. “ಒಬ್ಬ ಸೊಸೆ ಬರ್ತಾಳೆ ಅಂದ್ಕೊಂಡಿದ್ದೆ. ಇವಳು ಸಾವಿರಾರು ನೆಂಟರನ್ನ ಕಟ್ಕೊಂಡು ಬಂದ್ಳು” ಎಂದು ಮುನಿಸಿಕೊಂಡ ಆಕೆ ಎಷ್ಟೋ ಕಾಲ ಮಹಡಿ ಹತ್ತಲೇ ಇಲ್ಲ.

ಹತ್ತಿದ್ದು ಸೊಸೆಯ ಅಳು ಕೇಳಿ. ಪೆಟ್ಟಿಗೆಗಳು ಹದಿನೆಂಟಕ್ಕೆ ಏರಿದ್ದ ವರ್ಷ ಅದು. ಹಿತ್ತಿಲಾಚೆಯ ಹಣ್ಣಿನ ತೋಟದವರು ಹೂ ತುಂಬಿದ್ದಾಗ, ನಡುಹಗಲಲ್ಲಿ ಔಷಧಿ ಹೊಡೆದಿದ್ದರು. ಸಂಜೆಗೆ ಮಹಡಿಯ ತುಂಬ ಸತ್ತ ನೊಣ. ಏಳು ಪೆಟ್ಟಿಗೆ ಸದ್ದಡಗಿದ್ದವು. ಅಕ್ಕ ಕಸಬರಿಗೆ ಹಿಡಿದವರು ಗುಡಿಸಲಾರದೆ ಅಲ್ಲೇ ಕುಸಿದಿದ್ದರು.

ಅತ್ತೆ ಸತ್ತ ನೊಣಗಳನ್ನು ಮೊರಕ್ಕೆ ತುಂಬಿಕೊಂಡು ನೇರ ತೋಟದವನ ಮನೆಗೆ ನಡೆದರು. ಸೊಸೆ ಹಿಂದೆಯೇ ಓಡಿದರು.

“ಹುಳದ ಕಾಟ ಅಮ್ಮಾ. ಔಷಧಿ ಹೊಡೀದೆ ನಾನೇನ್ ಮಾಡ್ಲಿ?” ಎಂದ ಆತ.

“ಹೊಡಿ, ಬೇಡ ಅಂದೋರ್ಯಾರು? ಹೂ ಉದುರಿದ್ಮೇಲೆ ಹೊಡಿ. ತಡ್ಕೊಳ್ಳೋಕೆ ಆಗ್ದಿದ್ರೆ ಇವು ಗೂಡು ಸೇರಿದ್ಮೇಲೆ ಹೊಡಿ. ಮುಂಚೆ ನಮ್ಗೊಂದು ಮಾತು ಹೇಳು. ನಿನ್ ತೋಟದಲ್ಲಿ ಕೂಲಿ ಕೇಳ್ದೆ ದುಡಿದವು ಕಣಪ್ಪಾ ಇವು” ಎಂದು ಅತ್ತೆ ಮೊರವನ್ನು ಅವನ ಜಗಲಿಯ ಮೇಲಿಟ್ಟು ಬಂದರು.

ಮುಂದಿನ ಸಲ ಔಷಧಿ ಹೊಡೆಯುವ ಮುನ್ನಾದಿನ ಆತ ತೊಳೆದ ಮೊರ ಹಿಡಿದು ಅಕ್ಕನ ಗೇಟಿನ ಬಳಿ ನಿಂತಿದ್ದ. “ನಾಳೆ ಸಂಜೆ ಹೊಡೀತೀನಿ ಅಕ್ಕಾ, ಪೆಟ್ಟಿಗೆ ಮುಚ್ಕೊಳ್ಳಿ” ಎಂದ. ಅಲ್ಲಿಂದೀಚೆಗೆ ಒಮ್ಮೆಯೂ ತಪ್ಪಿಲ್ಲ. ಈಗ ಹೂಬಿಡುವ ಕಾಲಕ್ಕೆ ಅಕ್ಕನ ಆರು ಪೆಟ್ಟಿಗೆ ತನ್ನ ತೋಟದಲ್ಲೇ ಇರಲಿ ಎಂದು ಅವನೇ ಬಂದು ಒಯ್ಯುತ್ತಾನೆ. ಅವನನ್ನು ನೋಡಿ ಇನ್ನೂ ಮೂವರು ತೋಟದವರು ದಾರಿಗೆ ಬಂದಿದ್ದಾರೆ.

ಹಾಗೆ ಏಳು ಹೋದ ಮನೆಯಲ್ಲಿ ಇಂದು ಇಪ್ಪತ್ತೆರಡು ಪೆಟ್ಟಿಗೆ. ಎಲ್ಲಾದರೂ ಹಿಂಡು ಕೂತಿದೆ ಎಂದು ಫೋನ್ ಬಂದರೆ ಅಕ್ಕ ಸ್ಕೂಟರ್ ಹತ್ತುತ್ತಾರೆ. ಜೇನು ಸೋಸಿ ಬಾಟಲಿಗೆ ತುಂಬುವುದು ಅವರ ಕೆಲಸ, ಚೀಟಿ ಅಂಟಿಸುವುದು ಅತ್ತೆಯದು. ಚೀಟಿ ಸೊಟ್ಟಗಾದರೆ ಗಿರಾಕಿಗಳು ತುಟಿ ಬಿಚ್ಚುವಂತಿಲ್ಲ. “ಒಳಗಿನ ಜೇನು ನೆಟ್ಟಗಿದೆ ತಾನೇ?” ಎಂದು ಅತ್ತೆ ಕೇಳಿಬಿಡುತ್ತಾರೆ.

ಕಳೆದ ತಿಂಗಳು ದೊಡ್ಡ ಅಂಗಡಿಯವರೊಬ್ಬರು ಬಂದು ವರ್ಷವಿಡೀ ಮಾಲು ಕೊಡಿ ಎಂದರು. ಹೂವಿಲ್ಲದ ದಿನಗಳಲ್ಲಿ ಎಲ್ಲಿಂದ ತರಲಿ ಎಂದು ಅಕ್ಕ ಕೇಳಿದರು. ಅದಕ್ಕೆ ಸಕ್ಕರೆ ಪಾಕ ಇದೆಯಲ್ಲ ಎಂದು ಅವರು ಕಣ್ಣು ಮಿಟುಕಿಸಿದರು. ಅಕ್ಕ ಅವರಿಗೆ ನೀರು ಕೊಟ್ಟು ಬೀಳ್ಕೊಟ್ಟರು.

“ಆ ದಿನಗಳಲ್ಲಿ ಎರಿಯಲ್ಲಿ ಉಳಿದಿರೋದು ಅವುಗಳ ಊಟ. ಅದಕ್ಕೆ ನಾನು ಕೈ ಹಾಕಲ್ಲ” ಎನ್ನುತ್ತಾ ಅಕ್ಕ, ಈಗ ಜೇನು ಮಾರುವ ತಮ್ಮ ಹಳೆಯ ಹೊಲಿಗೆ ಅಂಗಡಿಯ ಬಾಗಿಲು ತೆರೆಯುತ್ತಾರೆ. ಇದೂ ಹೂವಿಲ್ಲದ ಕಾಲ, ಕಪಾಟಿನಲ್ಲಿ ಒಂದು ಬಾಟಲಿಯೂ ಇಲ್ಲ. “ಖಾಲಿ ಇದೆ ಅನ್ನೋಕೆ ನಂಗೇನೂ ನಾಚ್ಕೆ ಇಲ್ಲ. ಬಂದೋರಿಗೆಲ್ಲ ತೋರಿಸ್ತೀನಿ, ನೋಡ್ಕೊಂಡು ಹೋಗ್ಲಿ.”