ದ್ರಾಕ್ಷಿ ಶೆಡ್ಡಿನಲ್ಲಿ ಕಳೆದ ಬೇಸಿಗೆ

ನಮ್ಮ ಓಣಿಯಲ್ಲಿ ಕೊರೊನಾಕ್ಕೆ ಮೊದಲ ಸಾವಾದ ದಿನವೇ ಆಯಿ ಊರು ಬಿಡುವ ಮಾತು ತೆಗೆದಳು. ಆಯಿ ಅಂದರೆ ಅಪ್ಪನ ತಾಯಿ. ವಯಸ್ಸು ಎಂಬತ್ತು ದಾಟಿತ್ತು.

"ಊರಾಗ ಹೆಣ ಬೀಳಾಕತ್ತಿದ್ರ ಹೊಲಕ್ಕ ಹೋಗಬೇಕ. ನಾ ಸಣ್ಣಕಿ ಇದ್ದಾಗ ಪ್ಲೇಗ್ ಬಂದಿತ್ತ. ನಮ್ಮಪ್ಪ ಹಂಗ ಮಾಡಿದ್ದ."

"ಅದು ಇಲಿಯಿಂದ ಬರೂ ಬ್ಯಾನಿ, ಆಯಿ. ಇದು ಬ್ಯಾರೆ," ಎಂದೆ. ಸಾಂಗಲಿಯಲ್ಲಿ ಆಗಷ್ಟೇ ಡಿಗ್ರಿ ಮುಗಿಸಿದ್ದ ನನಗೆ ಎಲ್ಲ ಗೊತ್ತೆಂಬ ಧಿಮಾಕು.

"ಯಾವ ಬ್ಯಾನಿ ಆದ್ರೇನ? ಮಂದಿ ಕೂಡಿದಲ್ಲೇ ಬರ್ತೈತಿ."

ಮರುದಿನ ರೊಟ್ಟಿ ಹಂಚು, ಹಿಟ್ಟಿನ ಡಬ್ಬಿ, ಕೌದಿಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಅಪ್ಪ, ಅವ್ವ, ಆಯಿ, ನಾನು ಶಿರಗುಪ್ಪಿ ಹಾದಿಯ ನಮ್ಮ ತೋಟಕ್ಕೆ ಹೋದೆವು. ದ್ರಾಕ್ಷಿ ಒಣಗಿಸುವ ಶೆಡ್ಡೇ ಮನೆಯಾಯಿತು. ಗೋಡೆಗಳಿಲ್ಲ, ಒಂದರ ಮೇಲೊಂದು ಕಟ್ಟಿದ ಬಲೆಗಳು. ಒಣದ್ರಾಕ್ಷಿ ಇಳಿಸಿ ಖಾಲಿಯಾಗಿದ್ದ ಕೆಳಗಿನ ಬಲೆಯ ಮೇಲೆ ಕೌದಿ ಹಾಸಿ ಮಲಗುತ್ತಿದ್ದೆ. ಹೊರಳಿದರೆ ತೊಟ್ಟಿಲಂತೆ ತೂಗುತ್ತಿತ್ತು. ನನ್ನ ಕೂದಲಿಗೂ ಒಣದ್ರಾಕ್ಷಿಯ ಸಿಹಿ ವಾಸನೆ ಹತ್ತಿ ಇರುವೆಗಳು ಬರುತ್ತಿದ್ದವು. ವರ್ಷವಿಡೀ ಅವಸರದಲ್ಲಿರುತ್ತಿದ್ದ ಅಪ್ಪ ಅಲ್ಲಿ ಅವ್ವನ ಎದುರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಅವರಿಬ್ಬರು ಅಷ್ಟು ಮಾತಾಡಿದ್ದನ್ನು ನಾನು ಮೊದಲೆಂದೂ ಕೇಳಿರಲಿಲ್ಲ.

ಇದನ್ನೆಲ್ಲ ಕೆಡಿಸಿದವಳು ನಾನೇ. ಗೆಳತಿಯ ಮದುವೆ ನಿಶ್ಚಯ ಇತ್ತು. ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ ಸ್ಕೂಟಿ ಹತ್ತಿ ಊರಿಗೆ ಹೋದೆ. ಅವಳ ತಾಯಿ ಮಾಸ್ಕ್ ಸರಿಸಿ ನಕ್ಕು, ಬಾಯಿಗೆ ಪೇಢೆ ಇಟ್ಟರು. ಅರ್ಧ ತಾಸಿನಲ್ಲಿ ಮರಳಿ ಬಂದೆ. ನಾಲ್ಕನೆಯ ದಿನ ಜ್ವರ.

ಅಳುತ್ತ ನಿಜ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಪ್ಪ ಮಿರಜಿನ ಆಸ್ಪತ್ರೆಗಳವರೆಗೂ ಫೋನು ಹಚ್ಚಿದ. ಎಲ್ಲಿಯೂ ಹಾಸಿಗೆ ಖಾಲಿಯಿಲ್ಲ. ಆಶಾ ಕಾರ್ಯಕರ್ತೆ ಬಂದು ಗುಳಿಗೆ ಕೊಟ್ಟು, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರ ಇಟ್ಟು ಹೋದಳು. ಬೇವಿನ ಗಿಡದ ಕೆಳಗೆ ತಾಡಪತ್ರಿ ಕಟ್ಟಿ ನನ್ನನ್ನು ಬೇರೆ ಇಟ್ಟರು. ಅಂದು ಮಧ್ಯಾಹ್ನವೇ ಆಯಿ ಬಾಯಿಗೆ ಸೆರಗು ಸುತ್ತಿಕೊಂಡು, ಹತ್ತು ಹೆಜ್ಜೆ ಆಚೆ ಹಗ್ಗದ ಹೊರಸು ಹಾಕಿಸಿ ಕೂತಳು.

"ಆಯಿ, ಅತ್ಲಾಗ ಹೋಗಬೇ. ನಿನಗೇನರ ಆದ್ರ?"

ಆಯಿ ಏಳಲಿಲ್ಲ, ಹೊರಸಿನ ಮೇಲೆ ಕಾಲು ಮಡಚಿಕೊಂಡಳು. ಆಮೇಲೆ, ನನಗೆ ಗೊತ್ತೇ ಇರದ ಮಾತು ಹೇಳಿದಳು.

"ನನಗೊಬ್ಬಾಕಿ ತಂಗಿ ಇದ್ಲ. ಪ್ಲೇಗಿನಾಗ ಅಕಿಗೆ ಬಗಲಾಗ ಗಡ್ಡಿ ಎದ್ದಿದ್ವು. ದೂರ ಗುಡಸಲದಾಗ ಒಬ್ಬಾಕಿನ್ನ ಇಟ್ರ. ಎರಡ ದಿನ 'ಅಕ್ಕಾ, ಅಕ್ಕಾ' ಅಂತ ಕರದ್ಲ. ಅವ್ವ ನನ್ನ ಕೈ ಹಿಡಕೊಂಡ ಕುಂತಿದ್ಲ, ಬಿಡಲಿಲ್ಲ. ಮೂರನೇ ದಿನ ಕರೀಲಿಲ್ಲ." ಸೆರಗು ಸರಿಮಾಡಿಕೊಂಡಳು. "ನಾ ನಿನ್ನ ಮುಟ್ಟೂದಿಲ್ಲ. ಆದ್ರ ನೀ ಕರದ್ರ 'ಓ' ಅನ್ನಾವ್ರ ಒಬ್ಬರ ಇರಬೇಕಲ್ಲ."

ಐದು ದಿನ ಹಾಗೆಯೇ ಕೂತಳು. ಬೀಸುವ ಪದ ಹಾಡಿದಳು, ಮರಾಠಿಯಲ್ಲಿ ದೇವರನ್ನು ಬೈದಳು, ಅಪ್ಪ ಸಾಲೆ ತಪ್ಪಿಸಿ ಕಬ್ಬಿನಲ್ಲಿ ಅಡಗುತ್ತಿದ್ದ ಕತೆ ಹೇಳಿದಳು. ಮಾತಾಡಲು ಉಸಿರು ಸಾಲದಾದಾಗ ಕೈ ಎತ್ತುತ್ತಿದ್ದೆ, ಅವಳೂ ಎತ್ತುತ್ತಿದ್ದಳು. ಆರನೆಯ ದಿನ ರೊಟ್ಟಿಯ ಜೊತೆ ಖಾರದ ಹಿಂಡಿ ಬೇಕೆಂದೆ. ಆಗ ಅತ್ತಳು, ಬೈದಳು ಕೂಡ.

ಪೇಢೆ ತಿನ್ನಿಸಿದ ಆ ತಾಯಿ ಅದೇ ವಾರ ತೀರಿಕೊಂಡಿದ್ದನ್ನು ನಾನು ಪೂರ್ತಿ ಎದ್ದು ಓಡಾಡುವವರೆಗೂ ಮುಚ್ಚಿಟ್ಟಿದ್ದರು. ಗೆಳತಿಯ ಎದುರು ನಿಲ್ಲಲು ನನಗೆ ಬಹಳ ದಿನ ಧೈರ್ಯವಾಗಲಿಲ್ಲ.

ಆಯಿಗೆ ಏನೂ ಆಗಲಿಲ್ಲ. ಎರಡು ವರ್ಷದ ಮೇಲೆ, ವಯಸ್ಸಾಗಿ, ಊರ ಮನೆಯಲ್ಲಿ ತೀರಿಹೋದಳು. ನಾನೀಗ ನಿಪ್ಪಾಣಿಯ ಸೊಸೆ. ಅಷ್ಟು ಮಂದಿ ಸತ್ತ ಬೇಸಿಗೆಯನ್ನು ನೆನೆದರೆ ನನಗೆ ಹಿತವಾಗುತ್ತದೆ ಎಂದು ಯಾರ ಮುಂದೆ ಹೇಳಲಿ? ಆದರೂ ನಿಜ. ನಾವು ನಾಲ್ವರೂ ಇಡೀ ದಿನ ಒಟ್ಟಿಗಿದ್ದದ್ದು ಅದೊಂದೇ ಸಲ.

ಆ ವರ್ಷ ಮೊದಲ ಮಳೆ ಬಿದ್ದ ಮೇಲೆ ಸಾಮಾನು ಹೇರಿಕೊಂಡು ಊರಿಗೆ ಹೊರಟೆವು. ಆಯಿ ಮಾತ್ರ ಟ್ರ್ಯಾಲಿಯಲ್ಲಿ ಹಿಂದುಮುಂದಾಗಿ ಕೂತು, ಊರು ಬರುವವರೆಗೂ ತೋಟದ ಕಡೆಗೇ ನೋಡುತ್ತಿದ್ದಳು.