ಪಾಳುಬಿದ್ದ ಬೀದಿಯ ಗಲಾಟೆ

ಸ್ನೇಹಿತರೇ, ರಾಮನಗರದ ನಮ್ಮ ಬೀದಿ ಪಾಳುಬಿದ್ದಿತ್ತೆಂದು ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ.

ಮೂಲೆಯಲ್ಲಿ ಹೊಸ ಕೆಫೆ ಶುರುವಾಗಿದೆ. ಅದನ್ನು ತೋರಿಸಲು ಬಂದ ಟಿವಿ ವರದಿಗಾರ ನಮ್ಮ ಶೆಡ್ಡಿನ ಮುಂದೆ ನಿಂತು, "ವರ್ಷಗಳಿಂದ ಪಾಳುಬಿದ್ದಿದ್ದ ಬೀದಿಗೆ ಈಗ ಜೀವ ಬಂದಿದೆ" ಎಂದ. ಒಳಗೆ ನಾವು ರೇಷ್ಮೆ ಗೂಡುಗಳಿಂದ ನೂಲು ಬಿಚ್ಚುತ್ತಿದ್ದೆವು. ಯಂತ್ರದ ಗಡಗಡ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಮೂರನೇ ಸಲ ಕಿರುಚಿಯೇ ಹೇಳಿದ. ಕೊನೆಗೆ ಬಾಗಿಲಲ್ಲಿ ಇಣುಕಿ, "ಅಮ್ಮಾ, ಹತ್ತು ನಿಮಿಷ ಮಿಷನ್ ನಿಲ್ಲಿಸ್ತೀರಾ?" ಎಂದು ಕೇಳಿದ.

ನನ್ನ ಪಕ್ಕ ಕೆಲಸ ಮಾಡುತ್ತಿದ್ದ ನಂಜಕ್ಕ ಗೂಡಿನ ಬಿಸಿನೀರಿನಿಂದ ಕೈ ತೆಗೆಯಲಿಲ್ಲ. "ಆಗಾಕಿಲ್ಲ ಕಣಪ್ಪ, ಗೂಡು ಬೆಂದ್ಬುಟ್ಟವೆ. ಈಗ ನಿಲ್ಸಿದ್ರೆ ಎಳೆ ಹಾಳಾಯ್ತದೆ. ಅಲ್ಲಾ, ಪಾಳುಬಿದ್ದಿರೋ ಬೀದೀನ ಒಸಿ ಸುಮ್ಕಿರು ಅಂತ ಯಾರಾದ್ರೂ ಕೇಳ್ತಾರಾ?"

ಅವನು ನಕ್ಕು ಕೆಫೆಗೆ ಹೋದ. ಶೆಡ್ಡು ಖಾಲಿ ಮಾಡಿ ಎಂದು ವಾರದಿಂದ ಹೇಳುತ್ತಿರುವ ನಮ್ಮ ಮಾಲೀಕರು ಆಗಲೇ ಅಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು.

ಸಂಜೆ ಸುದ್ದಿ ಬಂತು. ನಮ್ಮ ಯಂತ್ರದ ಸದ್ದು ತೆಗೆದು ಕೊಳಲಿನ ಸಂಗೀತ ಹಾಕಿದ್ದರು. ಪಾಳುಬಿದ್ದ ಬೀದಿಯವರೆಲ್ಲ ಒಂದೇ ಫೋನಿಗೆ ಮುಗಿಬಿದ್ದು ನೋಡಿದೆವು. ನಿಲ್ಲಲು ಜಾಗ ಸಾಲದೆ ಇಬ್ಬರು ಜಗಳವಾಡಿಕೊಂಡು ಮನೆಗೆ ಹೋದರು.